ತರ್ವಾಲ್ ಎಂಬ ಮಾತು

“ಅಮ್ಮನ ಸಮಾಧಿ ಕಲ್ಲಿನ ಮೇಲೆ ಅಪ್ಪನ ಹೆಸರು ಕೆತ್ತಿಸಿದ್ರೆ ನಿನ್ನ ಗಂಟೇನು ಹೋಗತ್ತೆ ಅಣ್ಣ?”

ಅತ್ತೆ ಹೊಸ್ತಿಲ ಆಚೆಗೇ ನಿಂತು ಕೇಳಿದಳು. ಒಳಗೆ ಬಾ ಎಂದರೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಅಪ್ಪ ತಲೆಯೆತ್ತದೆ, ಮೊಣಕಾಲ ನಡುವೆ ಸಿಕ್ಕಿಸಿಕೊಂಡಿದ್ದ ಕುರ್ಚಿಯ ಚೌಕಟ್ಟಿಗೆ ಒದ್ದೆ ಬೆತ್ತ ಎಳೆದು ಬಿಗಿಯುತ್ತಲೇ ಇದ್ದ. ಆ ಮಾತು ಬಿಡು ಎಂದ, ಅಷ್ಟೆ. ಹಾಗಾದರೆ ನಿನ್ನ ಮನೆಯ ಮೆಟ್ಟಿಲನ್ನೂ ಇವತ್ತಿಗೆ ಬಿಟ್ಟೆ ಎಂದು ಅತ್ತೆ ತಿರುಗಿ ನಡೆದಳು. ಅಜ್ಜಿ ಸತ್ತ ಮೇಲೆ ಅಣ್ಣತಂಗಿಯರ ನಡುವೆ ಈ ಮಾತು ಬಂದಾಗಲೆಲ್ಲ ಹೀಗೇ ಮುರಿದು ಬೀಳುತ್ತಿತ್ತು. ಆದರೆ ಮೆಟ್ಟಿಲಿನ ತನಕ ಹೋಗಿದ್ದು ಇದೇ ಮೊದಲು.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ರೈಲು ನಿಲ್ದಾಣದಲ್ಲಿ ಗಾಡಿಗಳ ಪ್ರಕಟಣೆ ಹೇಳುವವಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಮೈಕಮ್ಮ ಎಂದೇ. ಊರಿಗೆಲ್ಲ ಕೇಳುವಂತೆ ಮಾತಾಡುವ ಅವಳಿಗೆ ಸ್ವಂತ ಮನೆಯಲ್ಲಿ ಇವರಿಬ್ಬರ ನಡುವೆ ಒಂದು ಮಾತು ಆಡಲು ಬಾಯಿ ಬರುತ್ತಿರಲಿಲ್ಲ.

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಅವಳು ಹುಟ್ಟುವ ಮೊದಲೇ ತಂದೆ ಇಲ್ಲವಾಗಿದ್ದ. ಗುಡ್ಡದ ಸೀಮೆಯ ತವರದ ಗಣಿಗೆ ದುಡಿಯಲು ಸಂಸಾರ ಸಮೇತ ಹೋಗಿದ್ದವನು ಗಣಿ ಕುಸಿದ ದಿನ ಮನೆಗೆ ಬರಲಿಲ್ಲ. ಐದು ವರ್ಷದ ಮಗನನ್ನೂ ಹೊಟ್ಟೆಯಲ್ಲಿದ್ದ ಕೂಸನ್ನೂ ಕಟ್ಟಿಕೊಂಡು ಅಜ್ಜಿ ಈ ಊರಿಗೆ, ತನ್ನ ಅಣ್ಣನ ಮನೆಗೆ ವಾಪಸಾದಳು. ಗಣಿ ಅವರನ್ನ ಇಟ್ಕೊಂಡಿತು ಎನ್ನುತ್ತಿದ್ದಳೇ ಹೊರತು ಅದರ ಮುಂದಕ್ಕೆ ಒಂದಕ್ಷರ ಹೇಳಿದವಳಲ್ಲ. ಇಳಿವಯಸ್ಸಿಗೆ ಬಂದ ಮೇಲೆ ಅತ್ತೆಗೆ ತನ್ನ ಅಪ್ಪ ಯಾರು, ಎಂಥವನು ಎಂದು ತಿಳಿಯುವ ಹಂಬಲ ಹತ್ತಿತು. ಕಂಡ ಕಂಡ ಕಚೇರಿಗೆ ಅಲೆದಳು. ಗುಡ್ಡದ ಸೀಮೆಯಲ್ಲಿ ಮೊದಲು ದಾಖಲೆ ಬರೆಯುತ್ತಿದ್ದುದು ಗುಡ್ಡದ ಭಾಷೆಯಲ್ಲಿ. ಆಮೇಲೆ ಸರ್ಕಾರಿ ಭಾಷೆ ಬಂತು. ಗಣಿಗೆ ಹೋದ ನಮ್ಮವರೋ ತಮ್ಮ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಒಬ್ಬ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದರೆ ಇನ್ನೊಬ್ಬ ತನ್ನ ನಾಲಗೆಗೆ ಹೊರಳುವಂತೆ ಬರೆದಿದ್ದ. ಮೂರನೆಯವನು ಹೆಸರಿನ ಅರ್ಥವನ್ನೇ ತನ್ನ ಭಾಷೆಗೆ ತಿರುಗಿಸಿಬಿಟ್ಟಿದ್ದ. “ಒಬ್ಬ ಅಪ್ಪನಿಗೆ ಮೂರು ಹೆಸರು ಸಿಕ್ತು ಕಣೇ, ಮೂರರಲ್ಲೂ ಅಪ್ಪ ಸಿಗಲಿಲ್ಲ” ಎಂದು ಅತ್ತೆ ಮೈಕಮ್ಮನ ಮುಂದೆ ನಕ್ಕಿದ್ದಳು. ಆ ನಗುವಿನ ಹಿಂದೆ ಏನಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಎಲ್ಲೂ ಇಲ್ಲದವನು ಕೊನೆಗೆ ಅಮ್ಮನ ಕಲ್ಲಿನ ಮೇಲಾದರೂ ಇರಲಿ ಎಂಬುದಷ್ಟೇ ಅವಳ ಆಸೆ. ಅದಕ್ಕೆ ಅಣ್ಣ ಅಡ್ಡ ನಿಂತಿದ್ದ.

ಅತ್ತೆ ಬೀದಿ ತಿರುಗಿದ ಮೇಲೆ ಅಪ್ಪನ ಕೈಯಲ್ಲಿದ್ದ ಬೆತ್ತ ಪಟ್ಟನೆ ಮುರಿಯಿತು. ಹಿಂದೆಂದೂ ಅವನ ಕೈಯಲ್ಲಿ ಬೆತ್ತ ಮುರಿದದ್ದನ್ನು ಮಗಳು ನೋಡಿದವಳಲ್ಲ. ಅವಳು ಬಂದು ಪಕ್ಕದಲ್ಲಿ ಕೂತಳು. ಸುಮ್ಮನೆ ಕೂತಿದ್ದಕ್ಕೋ ಏನೋ, ಅವನೇ ಬಾಯಿ ತೆರೆದ.

ಕುಸಿತದ ಮಾರನೆ ದಿನ ನಾಲ್ಕಾರು ಗಂಡಸರು ಬಾಗಿಲಿಗೆ ಬಂದಿದ್ದರಂತೆ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರಂತೆ. ಅವರಲ್ಲೊಬ್ಬ ಗುಡ್ಡದ ಭಾಷೆಯಲ್ಲಿ ಏನೋ ಹೇಳಿದ, ಅಮ್ಮ ಗೋಡೆ ಹಿಡಿದು ಕುಸಿದಳು. ಐದು ವರ್ಷದ ಹುಡುಗನಿಗೆ, ಅಂದರೆ ಅಪ್ಪನಿಗೆ, ಅರ್ಥವಾಗಲಿಲ್ಲ. ಆದರೆ ಅದರೊಳಗಿನ ಒಂದು ಮಾತು ಅವನ ಕಿವಿಯಲ್ಲೇ ಉಳಿಯಿತು: ತರ್ವಾಲ್. ಈ ಊರಿಗೆ ಬಂದು ಶಾಲೆಗೆ ಸೇರಿ ಸರ್ಕಾರಿ ಭಾಷೆ ಕಲಿಯುವಾಗ ಅದೇ ಮಾತು ಪಾಠದಲ್ಲಿ ಎದುರಾಯಿತು. ಕಾವಲು ಬಿಟ್ಟು ಓಡಿದ ಒಬ್ಬ ಸಿಪಾಯಿಯ ಕಥೆ ಅದು. ಮೇಷ್ಟ್ರು ಅರ್ಥ ಹೇಳಿದರು: ತರ್ವಾಲ್ ಎಂದರೆ ತನ್ನವರನ್ನು ಬಿಟ್ಟು ಓಡಿಹೋದವನು.

“ಅಜ್ಜೀನ ಕೇಳ್ಬಹುದಿತ್ತಲ್ಲ ಅಪ್ಪ?”

“ಏನಂತ ಕೇಳಲಿ? ಅವಳು ಮುಚ್ಚಿಟ್ಟಿದ್ದನ್ನ ನಾನು ಬಿಚ್ಚಲಾ? ಹೆಣ ಸಿಗಲಿಲ್ಲ ಅಂದ್ರು. ಓಡಿಹೋದವನ ಹೆಣ ಎಲ್ಲಿ ಸಿಗತ್ತೆ?” ಅಪ್ಪ ಮುರಿದ ಬೆತ್ತವನ್ನು ಬೆರಳಿಗೆ ಸುತ್ತಿಕೊಂಡ. “ನಿಮ್ಮತ್ತೆಗೆ ಒಬ್ಬ ಒಳ್ಳೆ ಅಪ್ಪ ಇದಾನೆ, ಮಗಾ. ಮುಖ ನೋಡದಿದ್ರೂ ಇದಾನೆ. ಅವನನ್ನ ನಾನು ಕಿತ್ಕೊಳ್ಳಲಾ? ನನ್ನನ್ನೇ ಕಲ್ಲುಗುಂಡಿಗೆಯವನು ಅಂದ್ಕೊಳ್ಲಿ ಬಿಡು.”

ಮೈಕಮ್ಮ ನಿಧಾನಕ್ಕೆ, “ಆ ಮಾತನ್ನ ನಾನು ದಿನಾ ಸಂಜೆ ಮೈಕಲ್ಲಿ ಹೇಳ್ತೀನಪ್ಪ” ಎಂದಳು.

ನಿಜವೇ. ಗುಡ್ಡದ ಕಡೆ ಹೋಗುವ ಗಾಡಿಗಳ ಪ್ರಕಟಣೆಯನ್ನು ಅಲ್ಲಿಯ ಭಾಷೆಯಲ್ಲೂ ಹೇಳಬೇಕೆಂದು ಇತ್ತೀಚೆಗಷ್ಟೇ ಆದೇಶ ಬಂದಿತ್ತು. ಅವಳು ಅದನ್ನು ನಮ್ಮ ಲಿಪಿಯಲ್ಲಿ ಬರೆದುಕೊಂಡು ಗಿಳಿಪಾಠ ಮಾಡಿದ್ದಳು. ಬಾಯಿಗೆ ಬರುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ದಿನದ ಕೊನೆಯ ಗಾಡಿಯ ಪ್ರಕಟಣೆಯಲ್ಲಿ ಆ ಮಾತಿತ್ತು. ಊರಿನಿಂದ ಊರಿಗೆ ಬಸ್ಸನ್ನೇ ಹಿಡಿಯುತ್ತಿದ್ದ ಅಪ್ಪನಿಗೆ ಅದು ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಅಪ್ಪನನ್ನು ನಿಲ್ದಾಣಕ್ಕೆ ಕರೆದೊಯ್ದಳು. ಬರಲು ಒಪ್ಪಿದವನೇನೂ ಅಲ್ಲ. ಸಾಯೋ ಕಾಲಕ್ಕೆ ಹಳೇ ಗಾಯ ಕೆರೆಯೋದ್ಯಾಕೆ ಎಂದು ದಾರಿಯುದ್ದ ಗೊಣಗಿದ. ಪ್ರಕಟಣೆಯ ಕೋಣೆ ಒಂದು ಕಪಾಟಿನಷ್ಟು ಅಗಲ. ಇದ್ದ ಒಂದೇ ಕುರ್ಚಿಯ ಮೇಲೆ ಅವನನ್ನು ಕೂರಿಸಿ, ಗಾಡಿಗಳಿಲ್ಲದ ಬಿಡುವು ನೋಡಿ ಮೈಕನ್ನು ಬಂದ್ ಮಾಡಿ, ಅವಳು ಗುಡ್ಡದ ತುದಿಯ ನಿಲ್ದಾಣದ ಪ್ರಕಟಣೆಯವಳಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ಗಾಡಿಯ ಸುದ್ದಿ ಕೊಟ್ಟು ತೆಗೆದುಕೊಂಡೇ ಇಬ್ಬರೂ ಗೆಳತಿಯರಾಗಿದ್ದರು, ಮುಖ ಮಾತ್ರ ನೋಡಿರಲಿಲ್ಲ. ಗುಡ್ಡದವಳಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಆದರೆ ಮರ್ಯಾದೆ ಎಲ್ಲಿ ಕೊಡಬೇಕು, ಎಲ್ಲಿ ಬೇಡ ಎಂಬುದು ಹಿಡಿತಕ್ಕೆ ಸಿಕ್ಕದೆ ಎಲ್ಲಕ್ಕೂ ಕೊಟ್ಟುಬಿಡುತ್ತಿದ್ದಳು.

“ಗೂಡ್ಸ್ ಗಾಡಿಯವರು ಈಗಷ್ಟೇ ಹೊರಟರು” ಎಂದಳು ಅವಳು, ಎಂದಿನಂತೆ.

ಮೈಕಮ್ಮ ಗಾಡಿಯ ವಿಷಯವಲ್ಲ ಎಂದು ಹೇಳಿ, ತರ್ವಾಲ್ ಎಂದರೆ ನಿಮ್ಮಲ್ಲಿ ಏನು ಎಂದು ಕೇಳಿದಳು. ಓಡಿಹೋದವನು ಅಂತ ಅಲ್ಲವೇ ಎಂದೂ ಸೇರಿಸಿದಳು. ಆ ಕಡೆಯಿಂದ ನಗು ಬಂತು. ಓಡಿಹೋಗೋ ಗಾಡಿಯವರನ್ನ ಯಾರಾದರೂ ಮೈಕಲ್ಲಿ ಕರೀತಾರಾ ಎಂದು ಕೇಳಿದಳು ಗುಡ್ಡದವಳು. ಸರ್ಕಾರಿ ಭಾಷೆಯಲ್ಲಿ ಬಿಟ್ಟುಹೋದವನು, ತಮ್ಮಲ್ಲಿ ಕಡೆಗೆ ಉಳಿದವನು. ಎರಡೂ ಒಂದೇ ಬೇರಿನದಂತೆ, ಒಂದು ಆ ಕಡೆಗೆ ಬಾಗಿತು, ಇನ್ನೊಂದು ಈ ಕಡೆಗೆ. ಕೊನೆಯ ಗಾಡಿ ತರ್ವಾಲ್. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ತನ್ನನ್ನೂ ಅಮ್ಮ ತರ್ವಾಲ್ ಅಂತಾರೆ ಎಂದಳು.

ಅಪ್ಪ ಕುರ್ಚಿಯ ಅಂಚಿಗೆ ಸರಿದ. ಗಣಿಯಲ್ಲಿ ಹಾಗಂದರೆ ಏನು ಎಂದು ಅವನು ಕೇಳುವ ಮೊದಲೇ ಮಗಳೇ ಕೇಳಿದಳು, ಗಣಿ ಕುಸಿದ ಮಾರನೆ ದಿನ ಬಾಗಿಲಿಗೆ ಬಂದವರ ವಿಷಯವನ್ನೂ ಹೇಳಿದಳು. ಈ ಸಲ ಗುಡ್ಡದವಳು ನಗಲಿಲ್ಲ. ಅವತ್ತು ಅವರು ಹೇಳಿದ್ದು ಪೂರ್ತಿ ನೆನಪಿದೆಯಾ, ಒಂದೇ ಮಾತು ಹಿಡಿದು ಹೇಳಿದರೆ ತಪ್ಪಾದೀತು ಎಂದಳು.

ಅರ್ಥವಿಲ್ಲದ ಸದ್ದುಗಳನ್ನು ಅಪ್ಪ ಇಷ್ಟು ಕಾಲ ಇಟ್ಟುಕೊಂಡಿರಬಹುದೆಂದು ಮಗಳು ಎಣಿಸಿರಲಿಲ್ಲ. ಅವನು ಕಣ್ಣು ಮುಚ್ಚಿ, ಎಳೆ ಹುಡುಗ ಪಾಠ ಒಪ್ಪಿಸುವ ಹಾಗೆ ಹೇಳಿದ: “ಸಿಮೊ ದೇರಾನ್, ತರ್ವಾಲ್ ಎಸ್ತಾ ನುರಿ.”

“ಇನ್ನೊಂದು ಸಲ ಹೇಳಿ ಅಪ್ಪಾವರೇ. ದೇರಾನಾ, ದೆಯ್‌ರಾನಾ?”

ಅವನು ಮತ್ತೆ ಹೇಳಿದ. ಮಧ್ಯದ ಸದ್ದು ಸವೆದಿತ್ತು. ಗುಡ್ಡದವಳು ತನ್ನ ರೀತಿಯಲ್ಲಿ ಹೇಳಿ ತೋರಿಸಿದಳು. ಹೌದು, ಹಾಗೇ, ಹಾಗೇ ಎಂದ ಅಪ್ಪ.

“ಎಲ್ಲರನ್ನೂ ಹೊರಗೆ ಕಳಿಸಿದರು, ಕಡೆಗೆ ಉಳಿದವರು ಅವರು. ಇಷ್ಟೇ ಅಪ್ಪಾವರೇ. ಕೊನೆಯಲ್ಲಿ ನುರಿ ಅಂದ್ರಲ್ಲ, ಅದು ನಮ್ಮವನು ಅಂತ. ಹೊರಗಿಂದ ಬಂದವರಿಗೆ ನಮ್ಮ ಜನ ಸುಮ್ಮನೆ ಅನ್ನೋದಿಲ್ಲ ಅದನ್ನ.”

ಅಪ್ಪ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಎತ್ತಿ ಗಟಗಟನೆ ಪೂರ್ತಿ ಕುಡಿದ. ಅಂಗಿಯ ಮುಂಭಾಗವೆಲ್ಲ ಒದ್ದೆಯಾಯಿತು. ಅಮ್ಮ ಸುಳ್ಳು ಹೇಳಿರಲಿಲ್ಲ ಎಂದ ಆಮೇಲೆ, ಯಾರಿಗೋ ಎಂಬಂತೆ. ಮೈಕಮ್ಮ ಗೆಳತಿಗೆ ಉಪಕಾರವಾಯಿತು ಎಂದಳು. ಆ ಕಡೆಯವಳು, ಗಾಡಿಯವರು ಬರೋ ಹೊತ್ತಾಯಿತು ಎಂದು ಮೆತ್ತಗೆ ಫೋನಿಟ್ಟಳು.

ಹೊರಗೆ ಬಂದ ಅಪ್ಪ ಪ್ಲಾಟ್‌ಫಾರ್ಮಿನ ಅಂಗಡಿಯಲ್ಲಿ ಬನ್ನು ಕೊಂಡು ನಿಂತಲ್ಲೇ ತಿಂದ, ಇನ್ನೊಂದನ್ನೂ ಕೇಳಿದ. ಹಸಿವಾಗ್ತಿದೆ ಕಣೇ ಎಂದು ಅವನೇ ಆಶ್ಚರ್ಯಪಟ್ಟ. ಮನೆಗೆ ಹೋಗುವ ತಿರುವು ಬಂದಾಗ ತಿರುಗದೆ ನೇರ ನಡೆದ. ಮಗಳು ಹಿಂದೆಯೇ ನಡೆದಳು.

ಅತ್ತೆಯ ಮನೆಯ ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಪತ್ರಿಕೆ ಹಾಸಿ, ಹಸಿ ಬಟಾಣಿ ಗುಡ್ಡೆ ಹಾಕಿಕೊಂಡು ಸುಲಿಯುತ್ತಿದ್ದ ಅವಳು ಅಣ್ಣನನ್ನು ನೋಡಿಯೂ ನೋಡದವಳ ಹಾಗೆ ಕೂತಿದ್ದಳು. ಅಪ್ಪ ಎದುರಿಗೆ, ನೆಲದ ಮೇಲೆ, ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕೂತ. ಬಾಗಿಲಿಗೆ ಬಂದ ಗಂಡಸರಿಂದ ಹಿಡಿದು ಶಾಲೆಯ ಪಾಠ, ಇವತ್ತಿನ ಫೋನು, ಎಲ್ಲ ಹೇಳಿದ. ನಡುನಡುವೆ ತಡವರಿಸಿದ, ಆದರೆ ಏನನ್ನೂ ಬಿಡಲಿಲ್ಲ. ಅತ್ತೆಯ ಬೆರಳುಗಳು ಯಾವಾಗಲೋ ನಿಂತುಹೋಗಿದ್ದವು.

“ನನಗೊಂದು ಮಾತು ಹೇಳ್ಬಾರದಿತ್ತಾ?”

“ನಿನ್ನ ಅಪ್ಪನ್ನ ನಿನಗೇ ಬಿಟ್ಟಿರೋಣ ಅಂತ.”

ಅತ್ತೆ ಮೂಗೊರೆಸಿಕೊಂಡು, ಇವನಿಗೆ ಬುದ್ಧಿ ಕೊಟ್ಟ ಮೇಷ್ಟ್ರು ಯಾರು ಎಂದು ಗೋಡೆಯನ್ನು ಕೇಳಿದಳು. ಆಮೇಲೆ, ಕಲ್ಲಿನ ಮೇಲೆ ಮೂರರಲ್ಲಿ ಯಾವ ಹೆಸರು ಹಾಕಿಸೋದು ಎಂಬ ಮಾತು ಬಂತು. ಅಮ್ಮ ಕರೆಯುತ್ತಿದ್ದ ಹೆಸರೇ ಇರಲಿ ಎಂದಳು ಅತ್ತೆ. ಅಪ್ಪ ಯೋಚಿಸಿ, “ಅಮ್ಮ ಅವರನ್ನ ‘ಏ ಇವ್ರೇ’ ಅಂತಿದ್ಲು. ಅದನ್ನ ಕಲ್ಲಲ್ಲಿ ಕೆತ್ತಕ್ಕಾಗಲ್ಲ” ಎಂದ. ಇಬ್ಬರೂ ಒಟ್ಟಿಗೆ ನಕ್ಕರು. ಬಾಗಿಲಿಗೆ ಒರಗಿದ್ದ ಮೈಕಮ್ಮನಿಗೆ ಅವರಿಬ್ಬರ ನಗು ಒಂದೇ ಬಗೆಯದು ಎಂದು ಆವತ್ತೇ ಗೊತ್ತಾಯಿತು.

“ಬಾಗಿಲಿಗೆ ಬಂದೋರು ಅಂದಿದ್ದನ್ನ ಇನ್ನೊಂದು ಸಲ ಹೇಳು. ಅವರ ಮಾತಲ್ಲೇ” ಎಂದಳು ಅತ್ತೆ.

ಅವನು ಹೇಳಿದ. ಅವಳು ತುಟಿ ಅಲುಗಿಸುತ್ತ ಕೇಳಿದಳು. ಮತ್ತೆ ಹೇಳಿಸಿದಳು. ಅವನು ಹೇಳುತ್ತಿದ್ದಂತೆಯೇ ಸುಲಿಯದ ಬಟಾಣಿಯ ಅರ್ಧ ಗುಡ್ಡೆಯನ್ನು ಅಣ್ಣನ ಕಡೆಗೆ ಸರಿಸಿದಳು. ಅಪ್ಪ ಒಂದು ಕಾಯಿ ಎತ್ತಿಕೊಂಡು ಹೆಬ್ಬೆರಳಿನಿಂದ ಬಿಡಿಸಿದ. ಇಬ್ಬರ ನಡುವಿನ ಪಾತ್ರೆಗೆ ಕಾಳುಗಳು ಟಪಟಪನೆ ಬೀಳತೊಡಗಿದವು.