ಮಲ್ಲಿಯ ಕೈಯಲ್ಲಿದ್ದ ಫೋಟೋ

ಅಜ್ಜಂಪುರದ ಕಾಶಮ್ಮನ ಬಾಯಿಗೆ ಬೀದಿಗೆ ಬೀದಿಯೇ ಹೆದರುತ್ತಿತ್ತು. ಅಂಥವಳ ಮನೆಗೆ ಎರಡು ವರ್ಷದ ಕೂಸನ್ನು ತಂದುಬಿಟ್ಟಾಗ ಜನ ಮೂಗಿನ ಮೇಲೆ ಬೆರಳಿಟ್ಟರು. ತಂದವರು ಮಕ್ಕಳ ಇಲಾಖೆಯ ಪಂಕಜಾಕ್ಷಿ ಮೇಡಂ. ಎಪ್ಪತ್ತನಾಲ್ಕನೇ ಇಸವಿ. ಕೂಸಿನ ಹೆಸರು ಮಲ್ಲಿಕಾಂಬ. ಅಪ್ಪ ತೀರಿಕೊಂಡಿದ್ದ, ಅವ್ವ ಈಶ್ವರಮ್ಮನಿಗೆ ಕ್ಷಯ. ಅವಳು ಆಸ್ಪತ್ರೆಯಿಂದ ವಾಸಿಯಾಗಿ ಬರುವ ತನಕ ಸಾಕಿಕೊಡಬೇಕಿತ್ತು. ಮಕ್ಕಳಿಲ್ಲದ ಕಾಶಮ್ಮ ಕಾಗದಕ್ಕೆ ರುಜು ಹಾಕಿದ್ದೂ ಜಗಳ ಮಾಡಿಕೊಂಡೇ.

“ಸಾಕ್ತೀನಿ ಕಣ್ರೀ. ಆದ್ರೆ ಇದ್ರ ಅವ್ವನ ಮುಖ ನಂಗೆ ಬೇಕು. ನಾಳೆ ಅವಳು ಬಂದಾಗ ಇವಳ್ಯಾರು ಅಂತ ಕೂಸು ಕೇಳಿದ್ರೆ ಮರ್ಯಾದೆ ಹೋಗೋದು ನಂದು!”

ಮೇಡಂ ಒಂದು ಫೋಟೋ ತರಿಸಿಕೊಟ್ಟರು. ತುಂಬುಗೆನ್ನೆ, ಉದ್ದನೆ ಜಡೆ, ಗದ್ದದ ಮೇಲೆ ಮೂರು ಚುಕ್ಕಿಯ ಹಚ್ಚೆ.

ಅಂದಿನಿಂದ ಪ್ರತಿ ದೀಪಾವಳಿ ಕಳೆದ ಮೇಲಿನ ವಾರ ಕಾಶಮ್ಮ ಮಲ್ಲಿಯನ್ನು ಸೊಂಟಕ್ಕೇರಿಸಿಕೊಂಡು ತರೀಕೆರೆ ಬಸ್ಸು ಹತ್ತುವಳು. ಅಲ್ಲಿ ಓಂಕಾರಮೂರ್ತಿಯ ಸ್ಟುಡಿಯೋ. ಪ್ರತಿವರ್ಷ ಅದೇ ಉದ್ದ ಕಾಲಿನ ಸ್ಟೂಲಿನ ಪಕ್ಕ ಮಲ್ಲಿ ನಿಲ್ಲಬೇಕು, ಎಷ್ಟು ಬೆಳೆದಳೆಂದು ಗೊತ್ತಾಗಲಿಕ್ಕೆ. ಕೈಯಲ್ಲಿ ಅವ್ವನ ಫೋಟೋ ಹಿಡಿದಿರಬೇಕು.

“ಫೋಟೋದಾಗೆ ಇನ್ನೊಂದು ಫೋಟೋ ಯಾಕೆ ಕಾಶಮ್ಮನೋರೇ? ಒಂದು ಗೊಂಬೆ ಕೊಡ್ತೀನಿ.”

“ಗೊಂಬೆ ನಿನ್ ಮಗಳಿಗೆ ಕೊಡು. ಇಲ್ಲಿ ತಾಯಿ ಮಗಳು ಜೊತೆಗಿರಬೇಕು.”

“ಹಂಗಾದ್ರೆ ನೀವೂ ಪಕ್ಕ ನಿಂತ್ಕಳಿ.”

“ನನ್ನನ್ನ ಗೋಡೆಗೆ ಏರಿಸಿ ಹಾರ ಹಾಕ್ಬೇಕಾ? ನಂಗಿನ್ನೂ ಬೇಕಾದಷ್ಟು ಕೆಲಸ ಐತೆ, ಹೋಗೋ!”

ಪಕ್ಕದ ಮನೆ ದುರ್ಗಮ್ಮ ಚುಡಾಯಿಸುತ್ತಿದ್ದಳು. “ಯಾರ್ದೋ ಕೂಸಿಗೆ ಇಷ್ಟೊಂದು ಸಡಗರವೇನೇ? ನಾಳೆ ಎತ್ಕಂಡ್ ಹೋದ್ರೆ ನಿಂಗೇನು ಉಳಿಯುತ್ತೆ?” ಕಾಶಮ್ಮ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಫೋಟೋಗಳು, ಕೈಗೆ ಬಿಗಿಯಾದ ಬಳೆಗಳು, ಮೊದಲ ಸಲ ‘ಮ’ ಬರೆದ ಕಾಗದದ ಚೂರು, ಎಲ್ಲವೂ ಬಿಸ್ಕತ್ತಿನ ಡಬ್ಬ ಸೇರಿದವು.

ದಿನಾ ಬೆಳಗ್ಗೆ ತಲೆ ಬಾಚುವಾಗ ಮಲ್ಲಿ ಅವ್ವನ ಫೋಟೋ ಹಿಡಿದು, ಗದ್ದದ ಚುಕ್ಕಿಗಳ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಬೇಕು. ಮರೆತು ಕಾಶಮ್ಮನನ್ನೇ ‘ಅವ್ವಾ’ ಎಂದರೆ, “ಅವ್ವ ಫೋಟೋದಾಗವಳೆ ನೋಡು. ನಾನು ದೊಡ್ಡವ್ವ” ಎನ್ನುವಳು. ಹಾಗನ್ನಲು ಅವಳಿಗೇನೂ ಮನಸ್ಸಿರಲಿಲ್ಲ. ಆದರೂ ಹೇಳುತ್ತಿದ್ದಳು.

ಒಂದು ವರ್ಷವೆಂದದ್ದು, ರೋಗ ಮರುಕಳಿಸಿ, ಐದಾಯಿತು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮೇಡಂ ಜೊತೆ ಈಶ್ವರಮ್ಮ ಬಂದಳು. ಕಡೂರಿನ ಶಿಶುವಿಹಾರದಲ್ಲಿ ಆಯಾ ಕೆಲಸ ಸಿಕ್ಕಿತ್ತು. ಆದರೆ ಎಲ್ಲಿಯ ತುಂಬುಗೆನ್ನೆ, ಎಲ್ಲಿಯ ಜಡೆ! ಮೋಟುಗೂದಲು, ಒಣಗಿದ ಮುಖ. ಮಲ್ಲಿ ಕಾಶಮ್ಮನ ಸೆರಗಿನ ಹಿಂದೆ ಅವಿತುಕೊಂಡಳು.

ಈಶ್ವರಮ್ಮ ಹೊಸ್ತಿಲಲ್ಲೇ ತಲೆ ತಗ್ಗಿಸಿ ನಿಂತಳು. “ಬಿಡಿ ಅಕ್ಕಾ, ನನ್ನ ಗುರ್ತು ನಂಗೇ ಸಿಗಲ್ಲ. ಮಗೀಗೆ ಹೆಂಗೆ ಸಿಗುತ್ತೆ?”

ಐದು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತೇ? ಕಾಶಮ್ಮ ಸಿಟ್ಟಿನಿಂದಲೇ ಡಬ್ಬ ತಂದು, ಐದೂ ಫೋಟೋಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಳು. “ಅಳೋದು ಆಮೇಲೆ. ಮೊದ್ಲು ನೋಡು.”

ಈಶ್ವರಮ್ಮ ಕೂತು ಒಂದೊಂದಾಗಿ ಎತ್ತಿಕೊಂಡಳು. ಸ್ಟೂಲಿಗಿಂತ ಗಿಡ್ಡ ಇದ್ದವಳು, ಸರಿಸಮ ಆದವಳು, ಮೀರಿ ಬೆಳೆದವಳು. ಆಮೇಲೆ ಮಗಳ ಕೈಯಲ್ಲಿದ್ದದ್ದು ಕಣ್ಣಿಗೆ ಬಿತ್ತು.

“ಅಯ್ಯೋ ಶಿವನೇ, ಎಲ್ಲಾದ್ರಾಗೂ ನಾನಿದೀನಲ್ಲಕ್ಕಾ!” ಎಂದು ತಲೆಯೆತ್ತಿದಳು.

ಆಗ ಮಲ್ಲಿಗೆ ಅವಳ ಗದ್ದದ ಚುಕ್ಕಿಗಳು ಕಂಡವು. ಮೆಲ್ಲಗೆ ಸೆರಗು ಬಿಟ್ಟು ಬಂದಳು. ಬೆರಳಿಟ್ಟಳು. “ಒಂದು, ಎರಡು, ಮೂರು.” ಮೋಟುಗೂದಲು ನೋಡಿ ಕೇಳಿದಳು, “ಜಡೆ ಎಲ್ಲೋಯ್ತವ್ವಾ?”

ಈಶ್ವರಮ್ಮ ಮಗಳನ್ನು ಬಾಚಿ ತಬ್ಬಿಕೊಂಡಳು. ಕಾಶಮ್ಮನಿಗೆ ಅಳುವೂ ಬಂತು, ಹೆಮ್ಮೆಯೂ ಬಂತು. ಹೆಮ್ಮೆಯೇ ಒಂದು ತೂಕ ಹೆಚ್ಚು.

ಡಬ್ಬ ಮುಚ್ಚುವಾಗ ಈಶ್ವರಮ್ಮ ಕೇಳಿದಳು. “ಇದ್ರಾಗೆ ನೀವೆಲ್ಲಿ ಅಕ್ಕಾ?”

“ನಾನ್ಯಾಕೆ?”

“ಮುಂದಿನ ದೀಪಾವಳಿಗೆ ಇವಳ ಕೈಗೆ ಏನು ಕೊಡ್ಲಿ ಮತ್ತೆ?”

ಕಾಶಮ್ಮ ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದು ಹೊರಗಿಟ್ಟಳು. ಮಾರನೇ ದಿನ ಮೂವರೂ ತರೀಕೆರೆಗೆ ಹೋದರು.

“ಹಾರ ತರಿಸ್ಲಾ ಕಾಶಮ್ಮನೋರೇ?” ಎಂದು ಓಂಕಾರಮೂರ್ತಿ ನಕ್ಕ.

“ಹಲ್ಲು ಕಿರೀಬೇಡ, ನೆಟ್ಟಗೆ ತೆಗಿ. ನನ್ ಮಲ್ಲಿ ಹಿಡ್ಕಳೋ ಫೋಟೋ ಇದು.”

ಆ ವರ್ಷ ದೀಪಾವಳಿ ಕಳೆದ ಮೇಲೆ ಕಡೂರಿನಿಂದ ಟಪಾಲು ಬಂತು. ಒಳಗಿನ ಫೋಟೋದಲ್ಲಿ ಮಲ್ಲಿ, ಓಂಕಾರಮೂರ್ತಿಯ ಅದೇ ಸ್ಟೂಲಿಗಿಂತ ಗೇಣು ಎತ್ತರವಾಗಿ ನಿಂತಿದ್ದಳು. ಕೈಯಲ್ಲಿದ್ದ ಫೋಟೋದಲ್ಲಿ ಕಾಶಮ್ಮ ಯಾರನ್ನೋ ಬೈಯಲು ಹೊರಟವಳಂತೆ ಕೂತಿದ್ದಳು. ಒಲೆಯ ಮೇಲಿನ ಹಾಲನ್ನೂ ಮರೆತು ಅವಳು ಬೀದಿಗಿಳಿದಳು.

“ಲೇ ದುರ್ಗಮ್ಮಾ, ಬಾರೇ ಇಲ್ಲಿ! ಯಾರ್ದೋ ಕೂಸು ಅಂದ್ಯಲ್ಲ, ಅದ್ರ ಕೈಯಾಗೆ ಯಾರವರೆ ನೋಡು!”