ನಿನ್ನ ಮಗಗ ಹೇಳು
ಗಂಗಾವತಿಯ ಕಿರಾಣಿ ಅಂಗಡಿ ಹಂಪಣ್ಣ ಹದಿನಾರು ವರ್ಷದ ಮಗನೊಡನೆ ಒಂದು ದಿನವೂ ಮುಖ ಕೊಟ್ಟು ಮಾತಾಡಿದವನಲ್ಲ. ತಪ್ಪು ಹುಡುಗನದಲ್ಲ, ಹೆಸರಿನದು. ತೀರಿಕೊಂಡ ಅಜ್ಜ ಕೊಟ್ರಬಸಪ್ಪನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಹುಟ್ಟಿಸಿದ ತಂದೆಯ ಹೆಸರು ಹಿಡಿದು ಬೈಯುವುದು ಹೇಗೆ? ಒಮ್ಮೆ ಬಾಯಿ ತಪ್ಪಿ "ಏ ಕೊಟ್ರ್ಯಾ, ಮಂಗ್ಯಾ" ಅಂದಿದ್ದಕ್ಕೆ ಹಂಪಣ್ಣನ ತಾಯಿ ಪಂಪಮ್ಮ, "ನನ್ನ ಗಂಡಗ ಮಂಗ್ಯಾ ಅಂತೀ?" ಎಂದು ಎರಡು ದಿನ ಊಟ ಬಿಟ್ಟಿದ್ದಳು.

ಹಂಪಣ್ಣನ ಹೆಂಡತಿ ಕಳಕಮ್ಮನ ಪಾಡೂ ಅದೇ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು. ಹಾಗಾಗಿ ಹೆತ್ತ ಮಗ ಅವಳಿಗೆ ಹುಟ್ಟಿದಾಗಿನಿಂದ ಬರೀ "ತಮ್ಮಾ".

ಅಪ್ಪ ಬಂದ ಸಪ್ಪಳವಾದರೆ ಮಗ ಹಿತ್ತಲಿಗೆ. ಮಗ ಒಳಗೆ ಬಂದರೆ ಅಪ್ಪ ಪಡಸಾಲೆಗೆ. ನಡುವೆ ಅಡಿಗೆಮನೆಯಲ್ಲಿ ಕಳಕಮ್ಮ. ಹಂಪಣ್ಣ "ನಿನ್ನ ಮಗಗ ಹೇಳು" ಎಂದು ಶುರು ಮಾಡುತ್ತಿದ್ದ, ಮಗ "ಅಪ್ಪಗ ಹೇಳು" ಎಂದು. ಇವಳು ಎರಡೂ ಕಡೆಯ ಮಾತನ್ನು ಮುಳ್ಳು ತೆಗೆದು ದಾಟಿಸುತ್ತಿದ್ದಳು. ಇದನ್ನು ಅವಳು ಸುಳ್ಳು ಎಂದು ತಿಳಿದಿರಲೇ ಇಲ್ಲ, ಸಂಸಾರ ಎಂದು ತಿಳಿದಿದ್ದಳು. ಕುಕನೂರಿನ ತವರಲ್ಲಿ ಅವಳ ಅಪ್ಪನೂ ಅಣ್ಣನೂ ಒಂದೇ ಒಂದು ದಿನ ಎದುರೆದುರು ನಿಂತು ಮಾತಾಡಿದ್ದರು. ಆಮೇಲೆ ಅಣ್ಣ ಆ ಹೊಸ್ತಿಲು ತುಳಿಯಲಿಲ್ಲ. ತನ್ನ ಮನೆಯಲ್ಲಿ ಅದು ಆಗಬಾರದೆಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಫಲ ಚೆನ್ನಾಗಿಯೇ ಬಂದಿತ್ತು. ಹಂಪಣ್ಣ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಗಿರಾಕಿಗಳಿಗೆಲ್ಲ ಮಕ್ಕಳನ್ನು ಬೆಳೆಸುವ ಬಗೆ ಹೇಳಿಕೊಡುತ್ತಿದ್ದ. "ನಾ ಒಂದ ಮಾತು ಹೇಳಿದ್ರ ಮುಗೀತ್ರಿ. ಎರಡನೇದು ಹೇಳೂ ಪ್ರಸಂಗನ ಬಂದಿಲ್ಲ." ಮೊದಲನೆಯದನ್ನೂ ತಾನು ಹೇಳಿಲ್ಲವೆಂಬುದು ಆ ಮಹಾನುಭಾವನಿಗೆ ಹೊಳೆದಿರಲಿಲ್ಲ.

೧೯೭೮ರ ಶ್ರಾವಣದಲ್ಲಿ ಎಡದಂಡೆ ಕಾಲುವೆ ತುಂಬಿ ಹರಿಯುತ್ತಿತ್ತು. ಹುಡುಗರು ಮಿರ್ಚಿ-ಮಂಡಕ್ಕಿ ಪಂಥ ಕಟ್ಟಿ ಊರವರು ಪೂಲು ಎನ್ನುವ ಸೇತುವೆಯಿಂದ ಜಿಗಿಯುತ್ತಿದ್ದರು. ಪಕ್ಕದ ಸೈಕಲ್ ಅಂಗಡಿಯ ಜಿಲಾನಸಾಬ ಸುದ್ದಿ ತಂದ. ಹಂಪಣ್ಣ ಊಟಕ್ಕೆ ಬಂದವನೇ ಗುಡುಗಿದ.

"ನಿನ್ನ ಮಗಗ ಹೇಳು. ಇನ್ನೊಮ್ಮಿ ಕಾಲುವಿ ಕಡೆ ಹೋದ್ರ ಕಾಲು ಮುರೀತೀನಿ!"

ಕಳಕಮ್ಮ ಹಿತ್ತಲಿಗೆ ಹೋಗಿ ಹೇಳಿದಳು, "ತಮ್ಮಾ, ಕಾಲುವಿ ಕಡೆ ಹೋದ್ರ ಕಾಲು ಜ್ವಾಕಿ ಅಂದಾರೋ ನಿಮ್ಮಪ್ಪ."

ಹುಡುಗ ಅವಳ ಮುಖವನ್ನೇ ನೋಡಿದ. "ಅಷ್ಟ ಅಂದ್ರಾ? ಬ್ಯಾಡ ಅನ್ನಲಿಲ್ಲಾ?"

"ಇಲ್ಲೋ ಎಪ್ಪಾ."

"ಹಂಗಂದ್ರ ಅಪ್ಪಗ ಹೇಳು. ಬರೂ ಐತ್ವಾರ ಪೂಲಿನ ಕಟ್ಟಿ ಮ್ಯಾಲಿಂದ ಜಿಗಿತೀನಿ, ನೀರು ಧುಮುಕೂ ಕಡೆ."

ಆ ಕಡೆ ಸುಳಿ ಇತ್ತು. ಕಳಕಮ್ಮ ಮಗನಿಗೆ ಕೈಮುಗಿದಳು, ಆಣೆ ಹಾಕಿದಳು, ಪಡಸಾಲೆಗೆ ಬಂದು ಗಂಡನಿಗೆ, "ಬಿಟ್ಟೀನಿ ಅಂದಾನ್ರಿ" ಎಂದಳು.

"ಹ್ಞಾಂ," ಎಂದು ಹಂಪಣ್ಣ ಮೀಸೆ ತಿರುವಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಭಾನುವಾರ ಮಧ್ಯಾಹ್ನ ಜಿಲಾನಸಾಬ ಏದುಸಿರು ಬಿಡುತ್ತ ಮನೆಗೇ ಬಂದ. "ಹಂಪಣ್ಣಾರ, ನಿಮ್ಮ ಹುಡುಗ ಪೂಲಿನ ಕಟ್ಟಿ ಏರ್ಯಾನ್ರಿ! ನಾ ಹೇಳಿದ್ರ, ನಮ್ಮಪ್ಪಗ ಗೊತ್ತೈತಿ ಅಂತಾನ!"

ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ ಸಲ ಕಳಕಮ್ಮ ಗಂಡನ ಸೈಕಲ್ಲಿನ ಹಿಂದೆ ಕೂತಳು. ಓಣಿಯವರೆಲ್ಲ ನೋಡಿದರು. ಅವಳಿಗೆ ನಾಚಿಕೆಪಡಲು ಪುರುಸೊತ್ತಿರಲಿಲ್ಲ.

ಸೇತುವೆಯ ಮೇಲೆ ಐದಾರು ಹುಡುಗರು. ಅದರ ಅಂಚಿನ ಮೋಟು ಗೋಡೆಯ ಮೇಲೆ ಬೆನ್ನು ತಿರುಗಿಸಿ, ಕೈ ಚಾಚಿ ನಿಂತವನು ಅವಳ ಮಗ. ಕೆಳಗೆ ನೀರು ಕಿವಿ ಕಿವುಡಾಗುವಂತೆ ಬೋರ್ಗರೆಯುತ್ತಿತ್ತು. ಹಂಪಣ್ಣ ಸೈಕಲ್ ಕೆಡವಿ ನಾಲ್ಕು ಹೆಜ್ಜೆ ಓಡಿದ. ಬಾಯಿ ತೆರೆದ. ಮಗನನ್ನು ಏನೆಂದು ಕರೆಯಬೇಕು? ಗಂಟಲಲ್ಲಿ ತನ್ನ ಅಪ್ಪನ ಹೆಸರು ಅಡ್ಡ ಕೂತಿತ್ತು. ಬೆವರುತ್ತ ಹೆಂಡತಿಯ ಕಡೆ ತಿರುಗಿದ.

"ನಿನ್ನ ಮಗಗ ಹೇಳ! ಇಳಿ ಅಂತ ಹೇಳ!"

"ತಮ್ಮಾ! ಏ ತಮ್ಮಾ!" ಕಳಕಮ್ಮ ಕೂಗಿದಳು. ಉಳಿದ ಹುಡುಗರೆಲ್ಲ ತಿರುಗಿದರು. ಎಲ್ಲರ ಅವ್ವಂದಿರೂ ಹಾಗೇ ಕರೆಯುವವರು. ಮೇಲೆ ನಿಂತವನು ಮಾತ್ರ ತಿರುಗದೆ ಮೊಣಕಾಲು ಬಗ್ಗಿಸಿದ.

ಆಗ ಕಳಕಮ್ಮ ಮಾವನನ್ನೂ ಅತ್ತೆಯನ್ನೂ ಮನೆತನವನ್ನೂ ಒಟ್ಟಿಗೆ ಕಾಲುವೆಗೆ ಎಸೆದಳು.

"ಏ ಕೊಟ್ರಬಸಪ್ಪಾ! ಮಂಗ್ಯಾ! ಇಳೀತಿಯೋ ಇಲ್ಲೋ? ಕಾಲು ಮುರೀತೀನಿ ಅಂದಾರ ನಿಮ್ಮಪ್ಪ!"

ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಕೇಳದ ಹೆಸರು. ಹುಡುಗ ಗಕ್ಕನೆ ತಿರುಗಿದ, ಒಂದು ಕಾಲು ಜಾರಿತು. ಹಂಪಣ್ಣ ಓಡಿ ಅವನ ಅಂಗಿ ಹಿಡಿದು ರಸ್ತೆಯ ಕಡೆಗೆ ಎಳೆದ. ಇಬ್ಬರೂ ಒಟ್ಟಿಗೆ ಕೆಳಗೆ ಬಿದ್ದರು. ಕಳಕಮ್ಮ ಅಲ್ಲೇ ಕುಸಿದು ಅತ್ತಳು.

ಹುಡುಗ ಧೂಳಿನಲ್ಲೇ ಕೂತು ಅಪ್ಪನನ್ನು ನೋಡಿದ. ಅವನ ಕಣ್ಣಲ್ಲೂ ನೀರಿತ್ತು. "ಈಗ ಕಾಲು ಮುರೀತೀರಾ? ಕಾಲುವಿ ಮೆಟ್ಟಲಿನಿಂದ ಜಿಗಿದೆ, ದಂಡಿಯಿಂದ ಜಿಗಿದೆ, ಪೂಲಿನಿಂದ ಜಿಗಿದೆ. ಒಮ್ಮಿನೂ ಬ್ಯಾಡ ಅನ್ನಲಿಲ್ಲ ನೀವು. ನಾ ಸತ್ರೂ ಕಾಲು ಜ್ವಾಕಿ ಅಂತಿದ್ರೇನು?"

"ಜ್ವಾಕಿ? ಯಾವಾಗ ಅಂದೆ ನಾನು? ನೀನ ಬಿಟ್ಟೀನಿ ಅಂದಿದ್ದಿಯಲ್ಲ!"

"ನಾ ಎಲ್ಲಿ ಅಂದೆ?"

ಇಬ್ಬರೂ ನಿಧಾನವಾಗಿ ಕಳಕಮ್ಮನ ಕಡೆ ತಿರುಗಿದರು.

ಮನೆಗೆ ನಡೆದೇ ಬಂದರು. ಸೈಕಲ್ಲಿನ ಆಚೆ ಅಪ್ಪ, ಈಚೆ ಮಗ, ಹಿಂದೆ ಕಳಕಮ್ಮ.

"ನಾ ಮೀಸಿ ಬಿಟ್ಟಾಗ ಏನಂದಿದ್ರಿ?"

"ಬೋಳಿಸು ಅಂದಿದ್ದೆ."

"ಛಲೋ ಕಾಣ್ತದ ಅಂದ್ಲಲ್ಲ ಅವ್ವ! ಹತ್ತನೇತ್ತ ಆದಮ್ಯಾಲ ಐಟಿಐಗೆ ಹೋಗ್ತೀನಿ ಅಂದಿದ್ದು ಹೇಳಿದ್ಲೇನು?"

"ಅಂಗಡ್ಯಾಗ ಕುಂದರ್ತಾನಂತ ಅಂದ್ಲು!"

ಒಂದೊಂದೇ ಹಳೆಯ ಮಾತು ಹೊರಬಿತ್ತು. ದನಿಗಳು ಏರಿದವು, ಜಗಳವಾಯಿತು, ಒಮ್ಮೆ ಇಬ್ಬರೂ ನಕ್ಕರು ಕೂಡ. ಓಣಿಗೆ ಬರುವಷ್ಟರಲ್ಲಿ ತಂದೆ-ಮಕ್ಕಳು ಒಂದು ವಿಷಯಕ್ಕೆ ಒಪ್ಪಿದ್ದರು. ಮನೆಯಲ್ಲಿ ಇರುವ ತಕರಾರಿಗೆಲ್ಲ ಇವಳೇ ಮೂಲ. ಕಳಕಮ್ಮನಿಗೆ ಉರಿದುಹೋಯಿತು. ಹದಿನಾರು ವರ್ಷದ್ದನ್ನೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅವರಿಬ್ಬರ ನಡುವೆ ಮಾತು ಹಾಕಲು ಅವಳಿಗೆ ಸಂದೇ ಸಿಗಲಿಲ್ಲ.