ಮೂರನೇ ಸಾಕು

ಭಾನುವಾರ ಹತ್ತು ಗಂಟೆ ಹೊಡೆಯುವಷ್ಟರಲ್ಲಿ ಮೈಕಣ್ಣನ ಮೈಕು ಬಾಡಿಗೆ ಅಂಗಡಿಯಲ್ಲಿ ಜಗಳ ಶುರುವಾಗಿತ್ತು. ಜಗಳವೆಂದರೆ ಅಂಥಿಂಥ ಜಗಳವಲ್ಲ, ಸತ್ತವನ ಮೇಲಿನ ಜಗಳ. ಇನ್ನು ಒಂಬತ್ತು ದಿನ ಕಳೆದರೆ ಪದಗಾರ ಸತ್ತು ಒಂದು ವರ್ಷ. ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ಸ್ಟೂಲಿನ ಮೇಲೆ ಒಬ್ಬನೇ ಕೂತು ಗಿಟಾರು ಮೀಟುತ್ತ ಹಾಡುತ್ತಿದ್ದವನು. ಬದುಕಿದ್ದಾಗ ಅವನ ಕಾರ್ಯಕ್ರಮದಲ್ಲಿ ಅರ್ಧ ಕುರ್ಚಿ ಖಾಲಿ ಬಿದ್ದಿರುತ್ತಿದ್ದವು. ಸತ್ತ ಮೇಲೆ ನೋಡಿ, ಎಲ್ಲಿ ಅಡಗಿದ್ದರೋ ಈ ಅಭಿಮಾನಿಗಳು, ಒಬ್ಬೊಬ್ಬರೂ ಅವನ ಹೆಗಲ ಮೇಲೆ ಕೈ ಹಾಕಿ ಬೆಳೆದವರಂತೆ ಮಾತಾಡತೊಡಗಿದ್ದರು.

ಮೈಕಣ್ಣನ ಅಂಗಡಿಗೆ ವಾರವಾರ ಬರುವವರು ಮೂವರು. ಒಬ್ಬರು ರಿಟೈರಾದ ಮೇಷ್ಟ್ರು, ಪದಗಾರನ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದರು. ಇನ್ನೊಬ್ಬ ಬಸ್ ಕಂಡಕ್ಟರು. ಮೂರನೆಯವಳು ಆಸ್ಪತ್ರೆಯೆದುರು ಔಷಧಿ ಅಂಗಡಿ ನಡೆಸುವ ಹೆಂಗಸು. ಗೋಡೆ ತುಂಬ ಮೊಳೆ, ಮೊಳೆ ತುಂಬ ಸುತ್ತಿಟ್ಟ ವೈರು. ಮೂವರೂ ಕೆಟ್ಟ ಸ್ಪೀಕರು ಡಬ್ಬಗಳನ್ನೇ ಮಗುಚಿ ಹಾಕಿಕೊಂಡು ಕೂರುತ್ತಿದ್ದರು.

"ಮೊದಲನೇ ಆಲ್ಬಮ್ಮಿಗೆ ಸಮ ಯಾವುದೂ ಇಲ್ಲ ರೀ," ಎಂದರು ಮೇಷ್ಟ್ರು. "‘ಬಾಡಿಗೆ ಕೋಣೆ’ಯಲ್ಲಿದ್ದ ಹಸಿವು ಆಮೇಲೆ ಎಲ್ಲಿದೆ, ತೋರಿಸಿ ನೋಡೋಣ."

"ಹಸಿವಂತೆ! ಅದರಲ್ಲಿ ಗಿಟಾರಿಗೆ ಶ್ರುತಿನೇ ಕೂತಿಲ್ಲ," ಎಂದ ಕಂಡಕ್ಟರು. "‘ಎರಡನೇ ಪಾಳಿ’ ಕೇಳಿ ಸ್ವಾಮಿ. ಅದು ದುಡಿಯೋನ ಹಾಡು. ಟಿಕೆಟ್ ಹರೀತಾ ಹರೀತಾ ಬಾಯಲ್ಲಿ ಅದೇ ಬರುತ್ತೆ ನಂಗೆ."

"‘ತೂಕಡಿಕೆ’ ಒಂದು ಕೇಳಿದ್ರೆ ಉಳಿದವು ಬೇಕೇ ಆಗಲ್ಲ," ಎಂದಳು ಔಷಧಿ ಅಂಗಡಿಯವಳು.

"ಅದನ್ನ ಕೇಳಿದೆನಮ್ಮ, ಹೆಸರಿಗೆ ತಕ್ಕ ಹಾಗೆ ನಿದ್ದೆ ಬಂತು," ಎಂದ ಕಂಡಕ್ಟರು.

ಮೇಷ್ಟ್ರು ಗೊಳ್ಳೆಂದು ನಕ್ಕರು. ಮೈಕಣ್ಣ ನಗಲಿಲ್ಲ. ಅವನು ಬೆಳಗ್ಗೆಯಿಂದ ಒಂದೇ ವೈರನ್ನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡುತ್ತಿದ್ದ. ಇವತ್ತು ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿ ಮನೆಯಿಂದ ಹೊರಟಿದ್ದ. "ಹೇಳಿ ಕೈ ತೊಳ್ಕೊಳ್ಳಿ," ಎಂದಿದ್ದಳು ಹೆಂಡತಿ. "ಒಂದು ವರ್ಷದಿಂದ ನೀವೂ ಸರಿಯಾಗಿ ಉಣ್ತಿಲ್ಲ, ನನಗೂ ಉಣ್ಣೋಕೆ ಬಿಡ್ತಿಲ್ಲ. ಬೈದ್ರೆ ಬೈತಾರೆ. ಬೈಸ್ಕೊಂಡು ಬನ್ನಿ."

ಬೈಸಿಕೊಳ್ಳುವುದೇ ಅವನಿಗೂ ಬೇಕಾಗಿತ್ತು. ಮೇಷ್ಟ್ರು ಕೊರಳಪಟ್ಟಿ ಹಿಡಿದು ಒಂದು ಬಾರಿಸಿದರೂ ಸರಿ, ಅಷ್ಟಾದರೂ ಹಗುರಾಗುತ್ತದೆ ಎನ್ನಿಸಿತ್ತು.

ಮಾತು ಆಲ್ಬಮ್ಮುಗಳನ್ನು ಬಿಟ್ಟು ವೇದಿಕೆ ಕಾರ್ಯಕ್ರಮಗಳಿಗೆ ಬಂತು. ಅಲ್ಲಿಗೆ ಬಂದ ಮೇಲೆ ಅದು ಎಲ್ಲಿ ನಿಲ್ಲುತ್ತದೆಂದು ಮೈಕಣ್ಣನಿಗೆ ಗೊತ್ತು. ‘ಸಾಕು’ ಎಂಬ ಮಾತಿನ ಹತ್ತಿರ.

ಪದಗಾರ ವೇದಿಕೆಯ ಮೇಲೆ ಹಾಡುತ್ತ ಹಾಡುತ್ತ ನಡುವೆ ಒಮ್ಮೊಮ್ಮೆ "ಸಾಕು" ಎನ್ನುತ್ತಿದ್ದ. ಆಲ್ಬಮ್ಮಿನಲ್ಲಿ ಆ ಮಾತಿಲ್ಲ, ಸಾಹಿತ್ಯದಲ್ಲೂ ಇಲ್ಲ. ಅಭಿಮಾನಿಗಳಿಗೆ ಇಷ್ಟು ಸಿಕ್ಕಿದರೆ ಕೇಳಬೇಕೇ? ಯಾವ ಊರಿನ ಕಾರ್ಯಕ್ರಮದಲ್ಲಿ, ಯಾವ ಹಾಡಿನ ಎಷ್ಟನೇ ಚರಣದಲ್ಲಿ ಸಾಕು ಎಂದ ಎಂದು ಕಂಡಕ್ಟರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಆಸೆಗೆ ಹಾಕುವ ಬೇಲಿ ಎಂದು ಮೇಷ್ಟ್ರು ಅದರ ಮೇಲೆ ಒಂದು ಇಡೀ ಅಧ್ಯಾಯವನ್ನೇ ಬರೆದಿದ್ದರು.

ಬೇಲಿಯೂ ಇಲ್ಲ, ಮಣ್ಣೂ ಇಲ್ಲ. ಸಾಕು ಎಂದರೆ ‘ಮೈಕು ಜಾಸ್ತಿಯಾಯಿತು, ಇಳಿಸು’ ಎಂದರ್ಥ. ಪದಗಾರನಿಗೆ ಅಬ್ಬರ ಕಂಡರೆ ಆಗುತ್ತಿರಲಿಲ್ಲ. "ಜನ ಕಿವಿಗೊಟ್ಟು ಕೇಳ್ಬೇಕು ಕಣೋ, ಕಿವಿ ಮುಚ್ಕೊಂಡಲ್ಲ," ಎನ್ನುತ್ತಿದ್ದ. ಹಾಡು ನಿಲ್ಲಿಸಿ ಕೈ ಸನ್ನೆ ಮಾಡಿದರೆ ಅಸಹ್ಯವೆಂದು ಹಾಡಿನೊಳಗೇ ಆ ಮಾತನ್ನು ತೂರಿಸುತ್ತಿದ್ದ. ಸಭಾಂಗಣದ ಹಿಂದುಗಡೆ ಮೇಜು ಹಾಕಿಕೊಂಡು ಕೂತ ಮೈಕಣ್ಣ ಗುಂಡಿಯನ್ನು ಒಂದು ಗೆರೆ ಕೆಳಕ್ಕೆ ಜಾರಿಸುತ್ತಿದ್ದ. ಇಪ್ಪತ್ತೆರಡು ವರ್ಷ ಅವರಿಬ್ಬರ ನಡುವೆ ಹೀಗೆಯೇ ನಡೆದಿತ್ತು. ದನಿ ಮೊಳಗುವ ತಗಡಿನ ಮಾಡಿನ ಸಭಾಂಗಣವಾದರೆ ನಾಲ್ಕು ‘ಸಾಕು’, ಒಳ್ಳೆಯ ಕಟ್ಟಡವಾದರೆ ಒಂದೂ ಇಲ್ಲ. ಕಂಡಕ್ಟರು ಪಾಪ ಬರೆದಿಟ್ಟಿದ್ದು ಮಾಡುಗಳ ಲೆಕ್ಕ.

"ಆದರೆ ಕೊನೇ ಕಾರ್ಯಕ್ರಮದ ಸಾಕು ಇದೆಯಲ್ಲ," ಎಂದರು ಮೇಷ್ಟ್ರು ಕಣ್ಣು ಮುಚ್ಚಿ. "ಮೊದಲನೇ ಸಾಕಿಗೆ ದನಿ ಇಳಿಯುತ್ತೆ. ಎರಡನೇದಕ್ಕೆ ಇನ್ನೂ ಇಳಿಯುತ್ತೆ. ಆಮೇಲೆ ಬರೀ ಮೌನ. ಉಸಿರಿನ ಮೇಲೆ ಅದೇನು ಹಿಡಿತ ರೀ! ಸಾಯೋ ಮನುಷ್ಯ ತನ್ನ ದನೀನ ತಾನೇ ಆರಿಸಿಬಿಟ್ಟ."

ಮೈಕಣ್ಣ ಸುತ್ತಿದ್ದ ವೈರನ್ನು ಮತ್ತೆ ಬಿಚ್ಚಿದ. ಆರಿಸಿದವನು ಪದಗಾರನಲ್ಲ, ತಾನು. ಈ ತೋರುಬೆರಳು.

ಆ ಕೊನೇ ಕಾರ್ಯಕ್ರಮದ ದಿನ ಮಧ್ಯಾಹ್ನ ಮೈಕು ಪರೀಕ್ಷೆ ಮಾಡುವಾಗ ಒಂದು ವೈರು ಗುಂಯ್ ಎನ್ನುತ್ತಿತ್ತು. ಪದಗಾರ ಎಲ್ಲರೆದುರಿಗೆ ರೇಗಿದ್ದ. "ಇಪ್ಪತ್ತೆರಡು ವರ್ಷ ಆಯ್ತು, ಒಂದು ವೈರು ಸರಿ ಮಾಡೋಕೆ ಬರಲ್ವಲ್ಲೋ ನಿನಗೆ!" ಮೈಕಣ್ಣ ತುಟಿ ಪಿಟಕ್ಕೆನ್ನದೆ ವೈರು ಬದಲಾಯಿಸಿದ್ದ. ಮುಖ ಮಾತ್ರ ಸಂಜೆಯವರೆಗೂ ಊದಿಕೊಂಡೇ ಇತ್ತು. ಸಂಜೆ ಎರಡನೇ ಹಾಡಿಗೆ "ಸಾಕು" ಎಂದ ಪದಗಾರ. ಮೈಕಣ್ಣ ಇಳಿಸಿದ. ಅರ್ಧ ನಿಮಿಷ ಆಗಿಲ್ಲ, "ಸಾಕು" ಎಂದ. ಅಷ್ಟು ಒಳ್ಳೆಯ ಸಭಾಂಗಣದಲ್ಲಿ ಎರಡೆರಡು ಸಲ! ಇವನಿಗೆ ಇವತ್ತು ನನ್ನ ಮೇಲೇ ಕಣ್ಣು ಎಂದುಕೊಂಡು ಮೈಕಣ್ಣ ಇನ್ನಷ್ಟು ಇಳಿಸಿದ. ಮೂರನೇ ಸಲ ತುಟಿ ಅಲುಗಿದ್ದು ಕಂಡಿತು. "ತಗೋ, ಸಾಯಿ, ಇನ್ನಾದ್ರೂ ಸಾಕಾಯ್ತಾ?" ಎಂದು ಹಲ್ಲು ಕಚ್ಚಿ ಗುಂಡಿಯನ್ನು ಪೂರಾ ಕೆಳಕ್ಕೆ ತಳ್ಳಿಬಿಟ್ಟ. ಬೇಕೆಂದೇ ತಳ್ಳಿದ. ಪದಗಾರ ಗಿಟಾರಿನ ಮೇಲೆ ಬಗ್ಗಿದ. ಜನ ನಮಸ್ಕಾರವೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದಲ್ಲ, ಎರಡು ನಿಮಿಷ. ಅವನು ಸ್ಟೂಲಿನಿಂದ ಪಕ್ಕಕ್ಕೆ ವಾಲಿ ಬಿದ್ದ ಮೇಲೆಯೇ ಯಾರೋ ಕೂಗಿದ್ದು. ಆಸ್ಪತ್ರೆಯಲ್ಲಿ ಡಾಕ್ಟರು, "ಒಂದೆರಡು ನಿಮಿಷ ಮುಂಚೆ ತಂದಿದ್ರೆ," ಎಂದು ಹೇಳಿ ಮಾತು ಅಲ್ಲಿಗೇ ಬಿಟ್ಟರು.

ಅಭಿಮಾನಿಗಳ ಹತ್ತಿರ ಇದ್ದದ್ದು ಯಾರೋ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಹಿಡಿದ ಹಾಡು. ಸಭಾಂಗಣದಲ್ಲಿ ಕೇಳಿಸಿದಷ್ಟೇ ಅದರಲ್ಲಿತ್ತು. ಮೈಕಣ್ಣನ ರೆಕಾರ್ಡಿಂಗ್ ಯಂತ್ರದಲ್ಲಿ ಹಾಗಲ್ಲ. ಮೈಕಿನಿಂದ ಬಂದ ದನಿ ಗುಂಡಿಗೆ ಹೋಗುವ ಮೊದಲೇ ಯಂತ್ರಕ್ಕೆ ಹೋಗುತ್ತಿತ್ತು. ಗುಂಡಿ ಎಷ್ಟು ಇಳಿಸಿದರೂ ಅಲ್ಲಿ ದನಿ ಇಳಿಯುವುದಿಲ್ಲ. ಅದನ್ನು ಅವನು ಒಂದೇ ಒಂದು ಸಲ ಕೇಳಿದ್ದ.

"ಮೈಕಣ್ಣ, ಆ ಒರಿಜಿನಲ್ ಕೊಡ್ತೀನಿ ಕೊಡ್ತೀನಿ ಅಂತ ವರ್ಷಾನೇ ಕಳೆದ್ರಿ," ಎಂದ ಕಂಡಕ್ಟರು. "ವರ್ಷದ ನೆನಪಿಗೆ ಆಲ್ಬಮ್ ಮಾಡೋಣ ಅಂದ್ರೆ ನೀವು ನಿಧಿ ಕಾಯೋ ಹಾಗೆ ಕಾಯ್ತಿದೀರಲ್ಲ!"

"ಕೇಳಿಸ್ತೀನಿ," ಎಂದ ಮೈಕಣ್ಣ. "ಕೇಳಿ. ಆಮೇಲೆ ನಂದೊಂದು ಮಾತಿದೆ. ಅದನ್ನೂ ಕೇಳಿ."

ಶಟರು ಅರ್ಧ ಇಳಿಸಿ ಯಂತ್ರ ಹಾಕಿದ. ಹಾಡು ಬಂತು. ಗಿಟಾರು ಬಂತು. ಮೊದಲನೇ ಸಾಕು ಬಂತು, ಎರಡನೇದು ಬಂತು, ದನಿ ಇಳಿಯಲಿಲ್ಲ. ಬೆರಳು ತಂತಿ ತಪ್ಪಿ ಒಂದು ಅಪಸ್ವರ ಹೊರಟಿತು. ಆಮೇಲೆ ಉಸಿರು, ಉಸಿರಿನ ನಡುವೆ ಪದಗಾರನ ದನಿ, ಒರಟಾಗಿ, ಹತ್ತಿರದಿಂದ:

"ಸಾಕು... ಆಗ್ತಿಲ್ಲ... ತಂತೀ... ಬಾರೋ... ಲೋ ತಂತೀ..."

ಅದರ ಮೇಲೆ ಚಪ್ಪಾಳೆ.

ತಂತಿ ಎಂದರೆ ಮೈಕಣ್ಣ. ಒಣಕಲು ದೇಹ, ಹೆಗಲ ಮೇಲೆ ಯಾವಾಗಲೂ ವೈರಿನ ಸುರುಳಿ ಎಂದು ಮೊದಲ ವರ್ಷವೇ ಪದಗಾರ ಇಟ್ಟ ಹೆಸರು. ಬೇರೆ ಯಾರ ಬಾಯಲ್ಲೂ ಅದು ಬರುತ್ತಿರಲಿಲ್ಲ, ಯಾರೆದುರಿಗೂ ಅವನು ಅದನ್ನು ಆಡುತ್ತಿರಲಿಲ್ಲ. ಗಾಡಿಯಲ್ಲಿ ಊರೂರು ಸುತ್ತುವಾಗ, ಇಬ್ಬರೇ ಇದ್ದಾಗ, "ಲೋ ತಂತಿ, ಎದ್ದೇಳೋ" ಎಂದು ಎಬ್ಬಿಸುತ್ತಿದ್ದ.

ಯಂತ್ರ ನಿಂತಿತು. ಈಗ, ಎಂದುಕೊಂಡ ಮೈಕಣ್ಣ. ಈಗ ಬೈಗುಳ ಬೀಳುತ್ತದೆ.

ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತ್ತು. "ಅಯ್ಯೋ ದೇವರೇ," ಎಂದರು. "ಇದು ಮೂರನೇ ಚರಣ ರೀ! ಯಾರೂ ಕೇಳದ ಚರಣ! ‘ತಂತೀ ಬಾರೋ.’ ಗಿಟಾರಿನ ತಂತೀನ ಕರೀತಿದಾನೆ! ಬೆರಳು ತಪ್ಪಿತಲ್ಲ, ಕೇಳಿದ್ರಾ? ಕೈ ಬಿಟ್ಟುಹೋಗ್ತಿರೋ ತಂತೀನ ವಾಪಸ್ ಬಾ ಅಂತಿದಾನೆ!"

"ಮೈ ಜುಂ ಅಂತಿದೆ," ಎಂದ ಕಂಡಕ್ಟರು. ತೋಳು ಮುಂದೆ ಚಾಚಿ ನಿಮಿರಿದ ಕೂದಲು ತೋರಿಸಿದ. "ಆಲ್ಬಮ್ಮಿಗೆ ಹೆಸರು ಸಿಕ್ತು ಮೇಷ್ಟ್ರೇ. ‘ತಂತೀ ಬಾರೋ’. ಮುಗೀತು, ಇನ್ನು ಮಾತಿಲ್ಲ."

"ಅದು ಹಾಡಲ್ಲ ಮೇಷ್ಟ್ರೇ," ಎಂದ ಮೈಕಣ್ಣ.

"ಹಾಡಲ್ಲ, ನಿಜ. ಹಾಡನ್ನೂ ದಾಟಿದ್ದು."

"ಹಾಗಲ್ಲ. ಅವನು ಕರೆದಿದ್ದು..."

"ನಿಮಗೆ ಗೊತ್ತಾಗಲ್ಲ ಮೈಕಣ್ಣ, ಬೇಜಾರು ಮಾಡ್ಕೋಬೇಡಿ. ನೀವು ವೈರು ಬಾಕ್ಸು ನೋಡ್ಕೊಂಡಿದ್ದೋರು. ಇದರೊಳಗೆ ಇಳೀಬೇಕು ಅಂದ್ರೆ ಬೇರೆ ಥರದ ಕಿವಿ ಬೇಕು." ಮೇಷ್ಟ್ರು ಆಗಲೇ ಪೆನ್ನು ತೆಗೆದಾಗಿತ್ತು. ಕಂಡಕ್ಟರು ನೋಟುಬುಕ್ಕು ಬಿಚ್ಚಿ ಆ ಸಾಲುಗಳನ್ನು ಗಟ್ಟಿಯಾಗಿ ಹೇಳಿಕೊಂಡು ಬರೆಯುತ್ತಿದ್ದ, ‘ಲೋ’ ಎಂಬುದನ್ನು ಸೇರಿಸಬೇಕೇ ಬೇಡವೇ ಎಂದು ಮೇಷ್ಟ್ರನ್ನು ಕೇಳುತ್ತಿದ್ದ. "ಬೇಡ, ಅದು ಸ್ವಲ್ಪ ಒರಟು," ಎಂದರು ಮೇಷ್ಟ್ರು.

ಮೈಕಣ್ಣನಿಗೆ ಮೈಯೆಲ್ಲ ಉರಿಯಿತು. ಲೋ ಅಂದದ್ದು ನನಗೆ ಕಣ್ರಯ್ಯಾ, ಅದನ್ನಾದರೂ ಬಿಡಿ ಎಂದು ಕೂಗಬೇಕೆನ್ನಿಸಿತು. ಆದರೆ ಉರಿಯ ಅಡಿಯಲ್ಲಿ ಇನ್ನೊಂದು ಏನೋ ಮೆಲ್ಲಗೆ ತಣ್ಣಗಾಗುತ್ತಿತ್ತು, ಅದೂ ಅವನಿಗೆ ತಿಳಿಯಿತು. ಇವರಿಗೆ ಗೊತ್ತಾಗಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಥೂ ನನ್ನ ಜನ್ಮಕ್ಕೆ, ಎಂದುಕೊಂಡ, ಆದರೂ ಬಾಯಿ ತೆರೆಯಲಿಲ್ಲ.

ಔಷಧಿ ಅಂಗಡಿಯವಳು ಮಾತ್ರ ಒಂದು ಮಾತೂ ಆಡಿರಲಿಲ್ಲ. ದಿನಬೆಳಗಾದರೆ ಎದೆ ಹಿಡಿದುಕೊಂಡು ಬರುವವರನ್ನು ನೋಡುವವಳು ಅವಳು. ಸ್ಪೀಕರು ಡಬ್ಬದಿಂದ ಎದ್ದು ಮೈಕಣ್ಣನ ಹತ್ತಿರ ಬಂದಳು.

"ಆ ಉಸಿರು ಹಾಡೋರ ಉಸಿರಲ್ಲ," ಎಂದಳು. "ನಾಲಿಗೆ ತೊದಲ್ತಿದೆ. ಅವರು ಯಾರನ್ನೋ ಕರೀತಿದಾರೆ, ಅಲ್ವಾ?"

ಮೇಷ್ಟ್ರು ತಲೆಯೆತ್ತಿದರು. "ತಂತೀನೇ ಅಮ್ಮ. ಅದನ್ನೇ ತಾನೇ ನಾನು ಹೇಳ್ತಿರೋದು."

"ನೀವು ಸುಮ್ನಿರಿ ಮೇಷ್ಟ್ರೇ." ಅವಳು ಮೈಕಣ್ಣನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಮೈಕಣ್ಣ, ನೀವು ಅಷ್ಟು ವರ್ಷ ಜೊತೇಲಿದ್ರಿ. ಅವರು ನಿಮ್ಮನ್ನ ಏನಂತ ಕರೀತಿದ್ರು?"

ಇದಕ್ಕಿಂತ ಸಲೀಸಾಗಿ ಇನ್ನು ಯಾರು ಕೇಳಿಯಾರು? ಎರಡಕ್ಷರ ಹೇಳಿದರೆ ಮುಗಿಯಿತು. ಇಡೀ ವರ್ಷ ಕಾದದ್ದು ಈ ಒಂದು ಪ್ರಶ್ನೆಗೆ. ಮೈಕಣ್ಣ ಮೇಷ್ಟ್ರನ್ನು ನೋಡಿದ, ಪೆನ್ನು ಎತ್ತಿಕೊಂಡೇ ಇದ್ದರು. ಕಂಡಕ್ಟರನನ್ನು ನೋಡಿದ, ಅವನ ತೋಳಿನ ಕೂದಲು ಇನ್ನೂ ನಿಮಿರಿಯೇ ಇತ್ತು. ಗಂಟಲಿನವರೆಗೆ ಬಂದ ಹೆಸರನ್ನು ಮೈಕಣ್ಣ ನುಂಗಿದ.

"ನನ್ನನ್ನಾ?" ಎಂದ. "ಎಲ್ಲರ ಹಾಗೇನಮ್ಮ. ಮೈಕಣ್ಣ ಅಂತಲೇ ಕರೀತಿದ್ದ."

"ಹೌದಾ," ಎಂದಳು ಅವಳು. ಚೀಲ ಹೆಗಲಿಗೇರಿಸಿ, ಅರ್ಧ ಇಳಿದಿದ್ದ ಶಟರಿನ ಕೆಳಗೆ ಬಗ್ಗಿ ಹೊರಟುಹೋದಳು.